ಕಕ್ಕಡದ ಮಳೆ ದಾಟುವ ಹಾವು: ಕೊಡಗಿನ ಮನೆಗೆ ಮೊದಲ ಸಾಕುಹಾವನ್ನು ಆರಿಸುವುದು ಹೇಗೆ

ಮಳೆ ಹಿಡಿಯುವ ಹೊತ್ತಿಗೆ ಯಾರಾದರೂ ಒಬ್ಬ ಹುಡುಗ ನಮ್ಮ ಗೇಟಿನ ಹತ್ತಿರ ಬಂದು ನಿಲ್ಲುತ್ತಾನೆ. ಕೈಯಲ್ಲಿ ನೀರಿನ ಬಾಟಲಿ, ಒಳಗೆ ಸುತ್ತಿಕೊಂಡ ಗೇಣುದ್ದದ ಹಾವಿನ ಮರಿ. “ಅಣ್ಣಾ, ಇದನ್ನ ಸಾಕ್ಬೋದಾ?” ಆ ಆಸೆ ನನಗೆ ಗೊತ್ತು. ಹತ್ತು ವರ್ಷದವನಿದ್ದಾಗ ನನಗೂ ಅದೇ ಇತ್ತು. ಆದರೂ ಮೊದಲು ಹೇಳುವ ಮಾತು, “ಬಾಟಲಿ ಕೆಳಗಿಡು, ಮುಚ್ಚಳ ತೆಗೀಬೇಡ.” ಒಂದು ಸಲ ಹಾಗೆ ಬಂದದ್ದು ತೋಳಹಾವಿನ ಮರಿ, ವಿಷವಿಲ್ಲದ್ದು. ಅದನ್ನೂ ಕಟ್ಟುಹಾವಿನ ಮರಿಯನ್ನೂ ಪಕ್ಕದಲ್ಲಿಟ್ಟರೆ ಹಾವು ಬಲ್ಲವರೂ ಎರಡು ಸಲ ನೋಡಿಯೇ ಮಾತಾಡುತ್ತಾರೆ. ಕಟ್ಟುಹಾವಿನ ವಿಷ ನರಕ್ಕೆ ಹೋಗುವಂಥದ್ದು. ಕಚ್ಚಿದ ಜಾಗದಲ್ಲಿ ನೋವು, ಬಾವು ಹೆಚ್ಚಾಗಿ ಕಾಣುವುದೇ ಇಲ್ಲ.

ಹಾವು ಸಾಕಬೇಕೆಂಬ ಆಸೆಯನ್ನು ನಾನು ಬೈಯುವುದಿಲ್ಲ. ಅದಕ್ಕೊಂದು ಸರಿಯಾದ ದಾರಿ ಇದೆ. ಕೊಡಗಿನಲ್ಲಿ ಆ ದಾರಿ ಬೆಂಗಳೂರಿನವರ ದಾರಿಗಿಂತ ಸ್ವಲ್ಪ ಉದ್ದ. ನಮ್ಮ ಚಳಿ, ನಮ್ಮ ತೇವ, ನಮ್ಮ ಕರೆಂಟು, ತೋಟದೊಳಗಿನ ನಮ್ಮ ಮನೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ತೋಟದ ಹಾವು ತೋಟದಲ್ಲೇ ಇರಲಿ

ನಾಗರಹಾವು, ಕೇರೆ, ಕಾಳಿಂಗ, ಹೆಬ್ಬಾವು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಇವನ್ನು ಹಿಡಿಯುವುದು, ಮನೆಯಲ್ಲಿಡುವುದು, ಮಾರುವುದು ಅಪರಾಧ. ಕೇರೆ ಸಾಧು ಪ್ರಾಣಿ, ಕಣದ ಹತ್ತಿರ ಇಲಿ ಹಿಡಿದುಕೊಂಡು ತಾನಾಗಿ ಇರುತ್ತದೆ ನಿಜ. ಆದರೆ ಪೆಟ್ಟಿಗೆಯಲ್ಲಿ ಹಾಕಿದರೆ ಮೂತಿಯನ್ನು ಗಾಜಿಗೆ ಉಜ್ಜಿ ಉಜ್ಜಿ ಗಾಯ ಮಾಡಿಕೊಳ್ಳುತ್ತದೆ. ಮಣ್ಣುಮುಕ್ಕನನ್ನು “ಎರಡು ತಲೆ ಹಾವು, ಮನೆಯಲ್ಲಿದ್ದರೆ ಲಕ್ಷ್ಮಿ” ಎಂದು ಲಕ್ಷಗಟ್ಟಲೆ ಬೆಲೆ ಹೇಳಿ ಮಾರಲು ಬರುವವರಿದ್ದಾರೆ. ಅದು ಮೂಢನಂಬಿಕೆಯ ವ್ಯಾಪಾರ, ಸಿಕ್ಕಿಬಿದ್ದರೆ ಕೊಂಡವರ ಮೇಲೂ ಕೇಸು ಬೀಳುತ್ತದೆ.

ಬಿಳಿ-ಹಳದಿ ಬಣ್ಣದ ದೊಡ್ಡ ಹಾವನ್ನು ತೋರಿಸಿ “ಇದು ವಿದೇಶಿ, ಪರವಾಗಿಲ್ಲ” ಎನ್ನುವವರೂ ಸಿಗುತ್ತಾರೆ. ಹೆಚ್ಚಾಗಿ ಅದು ಬರ್ಮೀಸ್ ಹೆಬ್ಬಾವಿನ ಬಣ್ಣಗೆಟ್ಟ ತಳಿ. ಬರ್ಮೀಸ್ ಹೆಬ್ಬಾವು ನಮ್ಮ ಈಶಾನ್ಯ ರಾಜ್ಯಗಳ ಕಾಡಿನಲ್ಲೇ ಇದೆ, ಹಾಗಾಗಿ ಅದಕ್ಕೂ ಕಾಯ್ದೆಯ ರಕ್ಷಣೆ ಇದೆ. ಐದು ಮೀಟರ್ ಬೆಳೆಯಬಲ್ಲ ಆ ಪ್ರಾಣಿ ಹೇಗೂ ಹೊಸಬರಿಗಲ್ಲ.

ಉಳಿಯುವುದು ಹೊರದೇಶದ, ಸಾಕಣೆಯಲ್ಲೇ ಹುಟ್ಟಿದ ಹಾವುಗಳು. ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ ಅದು 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅಳಿವಿನ ಅಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿರುವ ಪ್ರಾಣಿಗಳಿಗೆ ಈಗ ನಮ್ಮ ಕಾನೂನಿನಲ್ಲೇ ಜಾಗವಿದೆ. 2024ರ ಫೆಬ್ರವರಿಯಲ್ಲಿ ಬಂದ ನಿಯಮದಂತೆ ಅಂಥ ಪ್ರಾಣಿ ಕೈಗೆ ಬಂದ 30 ದಿನಗಳೊಳಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಜಾಲತಾಣದಲ್ಲಿ ನೋಂದಾಯಿಸಬೇಕು. ಮರಿ ಹಾಕಿದರೆ, ಸತ್ತರೆ, ಬೇರೆಯವರಿಗೆ ಕೊಟ್ಟರೆ ಅದನ್ನೂ ತಿಳಿಸಬೇಕು. ಹೊಸಬರು ಯೋಚಿಸುವ ಎರಡು ಹಾವುಗಳಲ್ಲಿ ಆಫ್ರಿಕಾದ ಬಾಲ್ ಪೈಥಾನ್ ಈ ಪಟ್ಟಿಯಲ್ಲಿದೆ. ಅಮೆರಿಕದ ಕಾರ್ನ್ ಸ್ನೇಕ್ ಇಲ್ಲ. ಪಟ್ಟಿಯಲ್ಲಿ ಇರಲಿ ಬಿಡಲಿ, ಎಲ್ಲಿ ಹುಟ್ಟಿತು, ಯಾರು ಮಾರಿದರು ಎಂದು ಬರೆದ ರಸೀದಿ ಇಲ್ಲದೆ ಯಾವ ಹಾವನ್ನೂ ಮನೆಗೆ ತರಬೇಡಿ. ಹಣ ಕೊಡುವ ಮುಂಚೆ ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ಒಮ್ಮೆ ಹೋಗಿ ಕೇಳಿ ಬನ್ನಿ. ಕಾಗದ ಕೊಡಲು ಹಿಂಜರಿಯುವ ಮಾರಾಟಗಾರನ ಜೊತೆ ಮಾತು ಅಲ್ಲಿಗೇ ಮುಗಿಸಿ.

ಮನೆಯವರ ಒಪ್ಪಿಗೆ

ಇದನ್ನು ಹಣ ಹೊಂದಿಸುವುದಕ್ಕಿಂತ ಮೊದಲು ಮಾಡಿ. ತೋಟದ ಮೂಲೆಯ ನಾಗನ ಕಲ್ಲಿಗೆ ಹಾಲೆರೆದು ಕೈಮುಗಿಯುವ ಹಿರಿಯರಿಗೆ ಹಾವನ್ನು ಪೆಟ್ಟಿಗೆಯಲ್ಲಿ ಕೂಡಿಹಾಕುವುದು ಪಾಪವೆನಿಸಬಹುದು. ಆ ಭಾವನೆಯನ್ನು ವಾದ ಮಾಡಿ ಗೆಲ್ಲಲು ಹೋಗಬೇಡಿ. ನಮ್ಮಜ್ಜಿ ಒಂದೂವರೆ ವರ್ಷ ಒಪ್ಪಲಿಲ್ಲ. ಆಮೇಲೆ ಮೂರು ಷರತ್ತು ಹಾಕಿದರು: ದೇವರ ಕೋಣೆಯ ಗೋಡೆಗೆ ಪೆಟ್ಟಿಗೆ ತಾಗಬಾರದು, ಅಡುಗೆಮನೆಯ ಫ್ರಿಜ್ಜಿನಲ್ಲಿ ಇಲಿ ಇಡಬಾರದು, ಬೀಗದ ಕೀ ಮಕ್ಕಳ ಕೈಗೆ ಸಿಗಬಾರದು. ಕೊನೆಯ ಎರಡು ಷರತ್ತು ಯಾವ ಪಶುವೈದ್ಯರೂ ಹೇಳುವಂಥವೇ. ಹಾವು, ಅದರ ನೀರು, ಹಿಕ್ಕೆಯಿಂದ ಸಾಲ್ಮೊನೆಲ್ಲಾ ಎಂಬ ರೋಗಾಣು ಹರಡಬಹುದು. ಐದು ವರ್ಷದೊಳಗಿನ ಮಕ್ಕಳು, ಬಸುರಿಯರು, ತುಂಬ ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಂದಿದವರು ಮನೆಯಲ್ಲಿದ್ದರೆ ಕೆಲವು ವರ್ಷ ಕಾಯುವುದೇ ಸರಿ. ಉಳಿದವರು ಪ್ರತಿ ಸಲ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಪೆಟ್ಟಿಗೆಯ ಪಾತ್ರೆಗಳನ್ನು ಅಡುಗೆ ಸಿಂಕಿನಲ್ಲಿ ತೊಳೆಯಬಾರದು.

ಎಷ್ಟು ವರ್ಷದ ಮಾತು ಇದು ಎಂಬುದನ್ನೂ ಆಗಲೇ ಹೇಳಿಬಿಡಿ. ಕಾರ್ನ್ ಸ್ನೇಕ್ ಸರಿಯಾಗಿ ನೋಡಿಕೊಂಡರೆ 15ರಿಂದ 20 ವರ್ಷ, ಬಾಲ್ ಪೈಥಾನ್ 20ರಿಂದ 30 ವರ್ಷ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯಕ್ಕೆ 1961ರಲ್ಲಿ ಬಂದ ಬಾಲ್ ಪೈಥಾನ್ ಒಂದು 2020ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಮೊಟ್ಟೆ ಇಟ್ಟಿತು. ಓದಲು, ಕೆಲಸಕ್ಕೆ ಮಗ ಊರು ಬಿಟ್ಟು ಹೋದಮೇಲೆ ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಮನೆಯಲ್ಲಿ ಒಬ್ಬರಾದರೂ “ನಾನು” ಎನ್ನಬೇಕು.

ಕಾರ್ನ್ ಸ್ನೇಕೋ, ಬಾಲ್ ಪೈಥಾನೋ

ಹೊಸಬರಿಗೆ ಎಲ್ಲ ಕಡೆ ಮೊದಲು ಹೇಳುವ ಹೆಸರು ಬಾಲ್ ಪೈಥಾನ್. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು, ಮೂರರಿಂದ ಐದು ಅಡಿ, ಗಟ್ಟಿ ಮೈ, ನಿಧಾನ ಸ್ವಭಾವ. ಹೆದರಿದರೆ ತಲೆಯನ್ನು ನಡುವೆ ಇಟ್ಟು ಚೆಂಡಿನಂತೆ ಸುತ್ತಿಕೊಳ್ಳುತ್ತದೆ, ಹೆಸರು ಬಂದದ್ದೂ ಅದರಿಂದಲೇ. ನನ್ನ ಮೊದಲ ಹಾವು ಅದೇ. ಆದರೂ ಮಡಿಕೇರಿ, ಭಾಗಮಂಡಲ, ಸೋಮವಾರಪೇಟೆ ಕಡೆಯ ಹೊಸಬರಿಗೆ ನಾನು ಅದನ್ನು ಹೇಳುವುದಿಲ್ಲ.

ಕಾರಣ ಉಷ್ಣಾಂಶ. ಬಾಲ್ ಪೈಥಾನ್‌ಗೆ ಪೆಟ್ಟಿಗೆಯ ಬಿಸಿ ತುದಿಯಲ್ಲಿ 31ರಿಂದ 33 ಡಿಗ್ರಿ ಬೇಕು, ತಂಪು ತುದಿಯೂ 24ಕ್ಕಿಂತ ಕೆಳಗಿಳಿಯಬಾರದು, ರಾತ್ರಿ ಕೂಡ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಜುಲೈ ತಿಂಗಳ ಹಗಲೇ 20ರ ಆಸುಪಾಸು ಇರುತ್ತದೆ. ಹೀಟರ್ ಒಂದು ರಾತ್ರಿ ಕೈಕೊಟ್ಟರೆ ಸಾಕು. ಎರಡನೇ ವರ್ಷದ ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟಿನ ಜೋರುಮಳೆಯ ಕೊಡವ ತಿಂಗಳಲ್ಲಿ, ಮರ ಬಿದ್ದು ಎರಡು ದಿನ ಕರೆಂಟಿಲ್ಲದಾಗ ನನ್ನ ಹಾವಿನ ಉಸಿರಿನಲ್ಲಿ ಸೀಟಿಯಂಥ ಸದ್ದು ಶುರುವಾಯಿತು. ಮೂತಿ ಮೇಲೆತ್ತಿ, ಬಾಯಿ ಅರೆತೆರೆದು ಕೂತಿತ್ತು. ಮೂಗಿನ ಹತ್ತಿರ ಗುಳ್ಳೆ. ಶ್ವಾಸಕೋಶದ ಸೋಂಕು. ಮೈಸೂರಿಗೆ ಒಯ್ದು, ಮೂರು ವಾರ ಇಂಜೆಕ್ಷನ್ ಕೊಡಿಸಿ ಉಳಿಸಿಕೊಂಡೆ. ತಪ್ಪು ನನ್ನದೇ. ಹಾವಿಗೆ ಬೇಕಾದ ಬಿಸಿಯನ್ನು ಕೊಡಲಾಗದ ಮನೆಗೆ ಹಾವನ್ನು ತಂದಿದ್ದೆ.

ಇನ್ನೊಂದು ತೊಡಕು ಊಟ. ಬಾಲ್ ಪೈಥಾನ್ ಇದ್ದಕ್ಕಿದ್ದಂತೆ ತಿಂಗಳುಗಟ್ಟಲೆ ಉಪವಾಸ ಕೂರುತ್ತದೆ. ತೂಕ ಇಳಿಯದಿದ್ದರೆ ದೊಡ್ಡ ಹಾವಿಗೆ ಅಪಾಯವಿಲ್ಲ, ಆದರೆ ಹೊಸಬರು ಗಾಬರಿಬಿದ್ದು ದಿನಕ್ಕೊಂದು ಪ್ರಯೋಗ ಮಾಡುತ್ತಾರೆ. ಅದರಿಂದ ಹಾವು ಮತ್ತಷ್ಟು ಬೆದರುತ್ತದೆ.

ಕಾರ್ನ್ ಸ್ನೇಕ್ ಅಮೆರಿಕದ ಆಗ್ನೇಯ ಭಾಗದ ಹಾವು, ಮೂರರಿಂದ ಐದು ಅಡಿ, ತೆಳು ಮೈ. ಬಿಸಿ ತುದಿಗೆ 29ರಿಂದ 31 ಡಿಗ್ರಿ, ತಂಪು ತುದಿಗೆ 22ರಿಂದ 25 ಸಾಕು. ರಾತ್ರಿ 20ಕ್ಕೆ ಇಳಿದರೂ ಆರೋಗ್ಯವಾದ ಹಾವು ತಡೆದುಕೊಳ್ಳುತ್ತದೆ. ತೇವ ನೂರಕ್ಕೆ 40ರಿಂದ 60. ಕೊಟ್ಟದ್ದನ್ನು ಸಾಮಾನ್ಯವಾಗಿ ಬಿಡದೆ ತಿನ್ನುತ್ತದೆ. ಮರಿಯಾಗಿದ್ದಾಗ ಚುರುಕು ಜಾಸ್ತಿ, ಬಾಲ ನಡುಗಿಸುತ್ತದೆ, ಒಮ್ಮೊಮ್ಮೆ ಮೂತಿಯಿಂದ ಕುಟ್ಟುತ್ತದೆ. ಕೆಲವು ತಿಂಗಳಲ್ಲಿ ಪಳಗುತ್ತದೆ. ಅದರ ಒಂದೇ ದೊಡ್ಡ ದೋಷ ತಪ್ಪಿಸಿಕೊಳ್ಳುವ ಕಲೆ. ಪೆನ್ಸಿಲ್ ತೂರುವಷ್ಟು ಸಂದಿನಲ್ಲಿ ಮರಿ ಆಚೆ ಹೋಗುತ್ತದೆ.

ಎತ್ತರದ, ಮಳೆ ಹೆಚ್ಚಿನ ಭಾಗದವರಿಗೆ ಕಾರ್ನ್ ಸ್ನೇಕ್ ಎನ್ನುವುದೇ ನನ್ನ ಅಭಿಪ್ರಾಯ. ಕುಶಾಲನಗರದಂಥ ತಗ್ಗಿನ, ಒಣ ಭಾಗದಲ್ಲಿದ್ದು ಇನ್ವರ್ಟರ್ ಗಟ್ಟಿ ಇದ್ದವರು ಬಾಲ್ ಪೈಥಾನ್ ಯೋಚಿಸಬಹುದು. ಅಮೆರಿಕದ ಕಿಂಗ್ ಸ್ನೇಕ್ (ನಮ್ಮ ಕಾಳಿಂಗವಲ್ಲ, ವಿಷವಿಲ್ಲದ್ದು) ಗಟ್ಟಿ ಜೀವ, ಆದರೆ ಕೈಯನ್ನೇ ಊಟವೆಂದು ಹಿಡಿಯುವ ಆತುರದ್ದು. ಕೀನ್ಯಾದ ಸ್ಯಾಂಡ್ ಬೋವಾ ಚಿಕ್ಕದು, ಸಾಧು. ಆದರೆ ನಮ್ಮ ಮಣ್ಣುಮುಕ್ಕನ ಹತ್ತಿರದ ನೆಂಟ, ನೋಡಿದವರು ದೂರು ಕೊಟ್ಟರೆ ಪ್ರತಿ ಸಲ ಕಾಗದ ಹಿಡಿದು ವಿವರಿಸಬೇಕು.

ಖಾಲಿ ಪೆಟ್ಟಿಗೆಗೆ ಒಂದು ಮಳೆಗಾಲ

ಈ ಲೇಖನದಲ್ಲಿ ಒಂದೇ ಒಂದನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ. ಹಾವು ತರುವ ಮೊದಲು ಪೆಟ್ಟಿಗೆ ಕೊಂಡು, ಹೀಟರ್ ಜೋಡಿಸಿ, ಜೂನ್‌ನಿಂದ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದವರೆಗೆ ಖಾಲಿಯಾಗಿಯೇ ಓಡಿಸಿ. ದಿನಕ್ಕೆರಡು ಸಲ ಉಷ್ಣಾಂಶ, ತೇವ ಬರೆದಿಡಿ. ಬೆಳಗಿನ ಜಾವ ಐದು ಗಂಟೆಯ ಲೆಕ್ಕ ಮುಖ್ಯ. ಕರೆಂಟ್ ಎಷ್ಟು ಸಲ, ಎಷ್ಟು ಹೊತ್ತು ಹೋಯಿತು ಎಂದೂ ಬರೆಯಿರಿ. ಸೆಪ್ಟೆಂಬರ್ ಹೊತ್ತಿಗೆ ನಿಮ್ಮ ಮನೆ ಯಾವ ಹಾವಿಗೆ ಸರಿ, ಅಥವಾ ಯಾವುದಕ್ಕೂ ಸರಿಯಲ್ಲವೇ, ಎಂದು ಆ ಪುಸ್ತಕವೇ ಹೇಳುತ್ತದೆ.

ಪೆಟ್ಟಿಗೆ ದೊಡ್ಡ ಹಾವಿಗೆ ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ ಇರಲಿ. ಮುಂದೆ ಸರಿಯುವ ಗಾಜು, ಅದಕ್ಕೆ ಬೀಗ. ಮರಿಗೆ ಮೊದಲು ಚಿಕ್ಕದೇ ಒಳ್ಳೆಯದು, ಬಯಲು ಜಾಸ್ತಿಯಾದರೆ ಹೆದರಿ ತಿನ್ನುವುದಿಲ್ಲ. ಹೊರಗೋಡೆಗೆ ತಾಗಿಸದೆ, ನೆಲದಿಂದ ಎರಡಡಿ ಮೇಲೆ ಇಡಿ. ಕೊಡಗಿನ ಹಳೆಯ ಮನೆಗಳ ಹೊರಗೋಡೆ ಮಳೆಗಾಲದಲ್ಲಿ ಬೆವರುವುದನ್ನು ನೀವೇ ನೋಡಿದ್ದೀರಿ. ಬಿಸಿಗಾಗಿ ಒಲೆಯ ಹತ್ತಿರ ಇಡಲು ಮಾತ್ರ ಹೋಗಬೇಡಿ, ಹೊಗೆ ಹಾವಿನ ಶ್ವಾಸಕೋಶಕ್ಕೆ ಆಗದು.

ಹೀಟ್ ಮ್ಯಾಟ್, ಅಂದರೆ ಕೆಳಗಿನಿಂದ ಬಿಸಿ ಕೊಡುವ ಕರೆಂಟಿನ ಹಾಸು, ಪೆಟ್ಟಿಗೆಯ ಮೂರನೇ ಒಂದು ಭಾಗಕ್ಕೆ ಮಾತ್ರ ಇರಬೇಕು. ಬಿಸಿಯನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಅದನ್ನು ಚಾಲೂ ಮಾಡಲೇಬೇಡಿ. ಬಿಸಿ ಮೇಲೇರಿದರೂ ಹಾವು ಎದ್ದು ಹೋಗದೆ ಹೊಟ್ಟೆ ಸುಟ್ಟುಕೊಂಡ ಉದಾಹರಣೆಗಳು ಬೇಕಾದಷ್ಟಿವೆ. ಕೃತಕ ‘ಬಿಸಿ ಕಲ್ಲು’ ಬೇಡವೇ ಬೇಡ. ಬಾಲ್ ಪೈಥಾನ್ ಆದರೆ ಮ್ಯಾಟ್ ಜೊತೆ ಗಾಳಿಯನ್ನೂ ಬಿಸಿ ಮಾಡುವ ಸೆರಾಮಿಕ್ ಹೀಟರ್ ಬೇಕಾಗುತ್ತದೆ, ಹಾವು ಅದಕ್ಕೆ ಸುತ್ತಿಕೊಳ್ಳದಂತೆ ಸುತ್ತ ಜಾಲರಿ ಇರಲಿ.

ಖರ್ಚಿನ ಭಯ ಬೇಡ. 40 ವ್ಯಾಟಿನ ಮ್ಯಾಟ್ ಇಡೀ ದಿನ ನಿಲ್ಲದೆ ಓಡಿದರೂ ಒಂದು ಯೂನಿಟ್ ಆಗುವುದಿಲ್ಲ. ಮನೆಯ ಸಾಮಾನ್ಯ ಇನ್ವರ್ಟರ್ ಈ ಭಾರ ಹೊರುತ್ತದೆ, ಆದರೆ ಅದೇ ಬ್ಯಾಟರಿ ಟಿವಿ, ಫ್ಯಾನ್, ಮೂರು ಕೋಣೆಯ ದೀಪ ಹೊತ್ತರೆ ಬೆಳಗಿನ ಜಾವ ಕೈಬಿಡುತ್ತದೆ. ಕರೆಂಟ್ ದಿನಗಟ್ಟಲೆ ಬಾರದಿದ್ದರೆ ಮೀನಿನ ಥರ್ಮಕೋಲ್ ಪೆಟ್ಟಿಗೆಯೇ ಗತಿ. ತೊಳೆದು ಒಣಗಿಸಿ, ಗಾಳಿಗೆ ತೂತು ಮಾಡಿ, ಬಿಸಿನೀರಿನ ಬಾಟಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಒಂದು ಬದಿಗಿಟ್ಟು, ಹಾವನ್ನು ಬಟ್ಟೆ ಚೀಲದಲ್ಲಿ ಇನ್ನೊಂದು ಬದಿಗಿಡಿ. ನೀರು ಆರಿದಂತೆ ಬದಲಿಸುತ್ತಿರಬೇಕು. ಅಂಥ ದಿನಗಳಲ್ಲಿ ಊಟ ಕೊಡಬೇಡಿ. ಮೈ ತಣ್ಣಗಾದ ಹಾವಿಗೆ ಜೀರ್ಣವಾಗದೆ ಹೊಟ್ಟೆಯಲ್ಲೇ ಕೊಳೆಯುತ್ತದೆ, ಕೊನೆಗೆ ಕಕ್ಕುತ್ತದೆ. ಕಕ್ಕಿದರೆ ಎರಡು ವಾರ ಏನೂ ಕೊಡದೆ, ಆಮೇಲೆ ಮೊದಲಿಗಿಂತ ಚಿಕ್ಕದನ್ನು ಕೊಡಿ.

ಹಾಸಿಗೆಗೆ ಬೇಸಿಗೆಯಲ್ಲಿ ತೆಂಗಿನ ನಾರಿನ ಪುಡಿ ಚೆನ್ನ. ಮಳೆಗಾಲದಲ್ಲಿ ನಾನು ಅದನ್ನೆಲ್ಲ ತೆಗೆದು ಅಚ್ಚಾಗದ ಕಾಗದ ಹಾಸುತ್ತೇನೆ, ದಿನ ಬಿಟ್ಟು ದಿನ ಬದಲಿಸಬಹುದು. ಒದ್ದೆ ಹಾಸಿನ ಮೇಲೆ ಮಲಗಿದ ಹಾವಿಗೆ ಹೊಟ್ಟೆಯ ಹುರುಪೆ ಕೆಂಪಾಗಿ, ಕಂದಾಗಿ ಕೊಳೆಯುತ್ತದೆ. ಪುಕ್ಕಟೆ ಸಿಗುತ್ತದೆಂದು ಕಾಫಿ ಸಿಪ್ಪೆ ಹಾಸಬೇಡಿ, ನಾಲ್ಕೇ ದಿನಕ್ಕೆ ಬೂಷ್ಟು. ತೋಟದ ಕೊಂಬೆ ಇಡುವುದಾದರೆ ಔಷಧಿ ಹೊಡೆದ ಗಿಡದ್ದಾಗಿರಬಾರದು, ಕುದಿವ ನೀರು ಹೊಯ್ದು ಬಿಸಿಲಿಗೆ ಒಣಗಿಸಿರಬೇಕು. ಬಿಸಿ ತುದಿಯಲ್ಲೊಂದು, ತಂಪು ತುದಿಯಲ್ಲೊಂದು ಅಡಗುವ ಗೂಡು ಇಡಿ. ಒಂದೇ ಇಟ್ಟರೆ ಹಾವು ಬಿಸಿಗಿಂತ ಮರೆಯನ್ನೇ ಆರಿಸಿಕೊಂಡು ಚಳಿಯಲ್ಲಿ ಕೂರುತ್ತದೆ. ಮಗುಚದ ನೀರಿನ ಬಟ್ಟಲು. ಅದರಲ್ಲಿ ನೀರು ಮಾತ್ರ, ನಾಗರಪಂಚಮಿಯ ದಿನವೂ ಹಾಲು ಬೇಡ. ಹಾಲು ಹಾವಿನ ಆಹಾರವಲ್ಲ, ಅದನ್ನು ಅರಗಿಸಿಕೊಳ್ಳಲು ಅದಕ್ಕಾಗುವುದಿಲ್ಲ.

ಊಟ ಎಲ್ಲಿಂದ

ಪೇಟೆಯಲ್ಲಿ ನಾಯಿ-ಬೆಕ್ಕಿನ ಊಟ ಸಿಗುವಂತೆ ಇದು ಸಿಗುವುದಿಲ್ಲ. ಸಾಕಿದ, ಹಿಮಗಟ್ಟಿಸಿದ ಸುಂಡಿಲಿ ಎಲ್ಲಿಂದ, ತಿಂಗಳಿಗೆ ಎಷ್ಟು, ಮಳೆಗಾಲದಲ್ಲಿ ಹೇಗೆ ಬರುತ್ತದೆ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಕಣದಲ್ಲೋ ಅಟ್ಟದಲ್ಲೋ ಹಿಡಿದ ಇಲಿ ಕೊಡಬಾರದು, ಅದರಲ್ಲಿ ಹುಳವಿರಬಹುದು, ಇಲಿಪಾಷಾಣ ತಿಂದಿರಬಹುದು. ಜೀವಂತ ಇಲಿಯನ್ನು ಬಿಡುವುದೂ ಬೇಡ. ಹಸಿವಿಲ್ಲದ ಹಾವನ್ನು ಇಲಿಯೇ ಕಚ್ಚಿ ಹರಿದ ಗಾಯಗಳು ಭಯಂಕರವಾಗಿರುತ್ತವೆ, ಇಲಿಗೂ ಅದು ಹಿಂಸೆ.

ಹಾವಿನ ಮೈಯ ಅತಿ ದಪ್ಪ ಭಾಗದಷ್ಟೇ ದಪ್ಪದ ಇಲಿ ಸರಿಯಾದ ಅಳತೆ. ಹಿಂದಿನ ರಾತ್ರಿ ಫ್ರೀಜರಿನಿಂದ ಕೆಳಗಿಳಿಸಿ, ಕೊಡುವ ಮೊದಲು ಕವರಿನಲ್ಲಿ ಹಾಕಿ ಬಿಸಿನೀರಿನಲ್ಲಿ ಮೈಬೆಚ್ಚಗೆ ಮಾಡಿ, ಉದ್ದ ಚಿಮಟದಲ್ಲಿ ಹಿಡಿದು ಕೊಡಿ. ಮೈಕ್ರೋವೇವ್ ಬೇಡ. ಕಾರ್ನ್ ಸ್ನೇಕ್ ಮರಿಗೆ ಐದಾರು ದಿನಕ್ಕೊಂದು ಇಲಿಮರಿ, ಬೆಳೆದದ್ದಕ್ಕೆ ಹತ್ತರಿಂದ ಹದಿನಾಲ್ಕು ದಿನಕ್ಕೊಂದು ದೊಡ್ಡ ಸುಂಡಿಲಿ. ಚಿಕ್ಕದೊಂದು ಫ್ರೀಜರ್ ಬೇರೆಯೇ ಇಟ್ಟುಕೊಳ್ಳಿ. ಕರೆಂಟ್ ಹೋಗಿ ಅದರೊಳಗಿನದು ಪೂರ್ತಿ ಕರಗಿದ್ದರೆ ಮತ್ತೆ ಗಟ್ಟಿ ಮಾಡದೆ ಹೂತುಬಿಡಿ.

ಹಾವನ್ನು ನೋಡಿ ಆರಿಸುವುದು

ಫೋಟೋ ನೋಡಿ ಹಣ ಕಳಿಸಬೇಡಿ. ಹೋಗಿ, ಕೈಯಲ್ಲಿ ಹಿಡಿದು ನೋಡಿ. ಆರೋಗ್ಯದ ಹಾವು ಕೈಗೆ ಮೆಲ್ಲನೆ ಬಿಗಿಯಾಗಿ ಸುತ್ತುತ್ತದೆ, ನಾಲಿಗೆ ಆಡಿಸುತ್ತದೆ. ಒದ್ದೆ ಹಗ್ಗದಂತೆ ಜೋತುಬಿದ್ದರೆ ಬಿಟ್ಟುಬನ್ನಿ. ಬೆನ್ನೆಲುಬು ಏಣಿನಂತೆ ಎದ್ದು ಕಾಣಬಾರದು. ಕಣ್ಣು ಸ್ವಚ್ಛವಾಗಿರಬೇಕು. ಎರಡೂ ಕಣ್ಣು ಹಾಲುಬಣ್ಣಕ್ಕೆ ಮಬ್ಬಾಗಿದ್ದರೆ ಪೊರೆ ಬಿಡುವ ಸಮಯ, ವಾರ ಬಿಟ್ಟು ಬನ್ನಿ. ಮೂಗು, ಬಾಯಿಯ ಅಂಚಿನಲ್ಲಿ ಲೋಳೆ ಬೇಡ. ಗುದದ ಸುತ್ತ ಒಣಗಿದ ಹಿಕ್ಕೆ ಬೇಡ. ಬಿಳಿ ಟಿಶ್ಯೂ ಕಾಗದದಿಂದ ಮೈಯನ್ನು ತಲೆಯಿಂದ ಬಾಲಕ್ಕೆ ಒಮ್ಮೆ ಸವರಿ. ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆಗಳು ಅಂಟಿ, ಹರಿದಾಡಿದರೆ ಅದು ಹಾವಿನ ನುಸಿ. ಆ ಅಂಗಡಿಯ ಯಾವ ಹಾವೂ ಬೇಡ.

ಕೊನೆಯ ಮೂರು ಊಟದ ತಾರೀಖು ಕೇಳಿ. ಸಾಧ್ಯವಾದರೆ ಕಣ್ಣೆದುರೇ ತಿನ್ನುವುದನ್ನು ನೋಡಿ. ಹಿಮಗಟ್ಟಿಸಿದ್ದನ್ನು ತಿನ್ನುವ ರೂಢಿ ಇರಬೇಕು. ಬಣ್ಣಕ್ಕೆ ಮರುಳಾಗಿ ‘ಸ್ಪೈಡರ್’ ಎಂಬ ಬಾಲ್ ಪೈಥಾನ್ ತಳಿ ಕೊಳ್ಳಬೇಡಿ. ಆ ವಿನ್ಯಾಸದ ಜೊತೆಗೇ ತಲೆ ತೂಗಾಡುವ ನರದೋಷ ವಂಶವಾಹಿಯಲ್ಲಿ ಬರುತ್ತದೆ.

ಹಾವು ನೋಡಲು ಒಪ್ಪುವ ಪಶುವೈದ್ಯರು ಯಾರೆಂದು ಅಂದೇ ತಿಳಿದುಕೊಳ್ಳಿ. ನಮ್ಮಲ್ಲಿ ಹೆಚ್ಚಿನ ವೈದ್ಯರ ಕೆಲಸ ದನ, ಹಂದಿ, ನಾಯಿಯ ಜೊತೆ. ಹಾವಿಗೆ ಮೈಸೂರು, ಬೆಂಗಳೂರಿನವರೆಗೆ ಹೋಗಬೇಕಾದೀತು.

ತರುವುದಕ್ಕೆ ಅಕ್ಟೋಬರ್, ನವೆಂಬರ್ ಒಳ್ಳೆಯ ಕಾಲ. ಬಸ್ಸಿನ ಪಾರ್ಸೆಲ್‌ನಲ್ಲಿ ತರಿಸದೆ ನೀವೇ ಹೋಗಿ. ಬಟ್ಟೆ ಚೀಲದಲ್ಲಿ ಹಾಕಿ, ಚೀಲವನ್ನು ಗಾಳಿಯಾಡುವ ಡಬ್ಬಿಯಲ್ಲಿಟ್ಟು, ಕಾರಿನೊಳಗೆ ನೆರಳಲ್ಲಿ ತನ್ನಿ. ಮನೆಗೆ ಬಂದಮೇಲೆ ಒಂದು ವಾರ ನೀರು ಬದಲಿಸುವುದಷ್ಟೇ ಕೆಲಸ. ನೆಂಟರಿಗೆ ತೋರಿಸುವುದೆಲ್ಲ ಆಮೇಲೆ. ಮೊದಲ ಊಟ ಎಂಟನೇ ದಿನ. ಮೂರು ಊಟ ತಿಂದು ಅರಗಿಸಿಕೊಂಡ ಮೇಲೆ ಕೈಗೆ ತೆಗೆದುಕೊಳ್ಳಿ, ಹತ್ತು ನಿಮಿಷ ಸಾಕು. ಊಟವಾದ ಎರಡು ದಿನ ಮುಟ್ಟಬೇಡಿ.

ತಪ್ಪಿಸಿಕೊಂಡರೆ

ಪಟ್ಟಣದವರಿಗೆ ಇದು ಒಂದು ರಾತ್ರಿಯ ಗಾಬರಿ. ತೋಟದ ಮನೆಯಲ್ಲಿ ಇದು ಪ್ರಾಣದ ವಿಷಯ. ಬಾಲ್ ಪೈಥಾನ್‌ನ ಕಂದು ಮೈಯ ಮಚ್ಚೆಗಳನ್ನು ಮಬ್ಬು ಬೆಳಕಲ್ಲಿ ನೋಡಿದವರು ಕೊಳಕುಮಂಡಲವೆಂದೇ ದೊಣ್ಣೆ ಎತ್ತುತ್ತಾರೆ. ಅದಕ್ಕಿಂತ ಭಯದ್ದು ಇದರ ತಿರುವುಮುರುವು: “ನಮ್ಮ ಹಾವು ಸಿಕ್ತು” ಎಂದು ಸೋಫಾದ ಕೆಳಗೆ ಕೈ ಹಾಕಿದ ಮಗುವಿನ ಕೈಗೆ ನಿಜವಾದ ಮಂಡಲ ಸಿಗುವುದು. ಅದಕ್ಕೇ ನಮ್ಮ ಮನೆಯಲ್ಲಿ ಒಂದು ಕಟ್ಟುನಿಟ್ಟು ಇದೆ. ಪೆಟ್ಟಿಗೆಯ ಹೊರಗೆ ಕಂಡ ಯಾವ ಹಾವನ್ನೂ, ನಮ್ಮದೇ ಎಂದು ಅನ್ನಿಸಿದರೂ, ಯಾರೂ ಮುಟ್ಟುವಂತಿಲ್ಲ. ದೂರ ನಿಂತು ನನ್ನನ್ನು ಕರೆಯಬೇಕು. ನಾನೂ ಟಾರ್ಚ್ ಹಾಕಿ ತಲೆ, ಬಾಲ ಪೂರ್ತಿ ಕಂಡ ಮೇಲೆಯೇ ಕೊಕ್ಕೆಯಿಂದ ಎತ್ತುತ್ತೇನೆ.

ಕಾಣೆಯಾದ ಕೂಡಲೇ ಆ ಕೋಣೆಯ ಬಾಗಿಲ ಸಂದಿಗೆ ಬಟ್ಟೆ ತುರುಕಿ. ಫ್ರಿಜ್ಜಿನ ಹಿಂದೆ, ಇನ್ವರ್ಟರಿನ ಹತ್ತಿರ, ಪುಸ್ತಕದ ಕಪಾಟಿನ ಹಿಂದೆ ಹುಡುಕಿ. ಬೆಚ್ಚಗಿನ, ಇಕ್ಕಟ್ಟಿನ ಜಾಗವೇ ಅದಕ್ಕೆ ಇಷ್ಟ. ಗೋಡೆಯಂಚಿಗೆ ಮೈದಾ ಚೆಲ್ಲಿಟ್ಟರೆ ರಾತ್ರಿ ಯಾವ ಕಡೆ ಹರಿಯಿತೆಂದು ಬೆಳಿಗ್ಗೆ ಗೊತ್ತಾಗುತ್ತದೆ. ತೋಟದ ಕೆಲಸಗಾರರ ಲೈನ್ ಮನೆಯವರಿಗೆ, ಪಕ್ಕದ ತೋಟದವರಿಗೆ ಮುಚ್ಚಿಡದೆ ಹೇಳಿ.

ಸಾಕಲು ಆಗದಿದ್ದರೂ ತೋಟಕ್ಕೆ, ಕಾಡಿಗೆ ಬಿಡಬೇಡಿ. ನಮ್ಮ ಮಳೆಯಲ್ಲಿ ಅದು ನರಳಿ ಸಾಯಬಹುದು, ಇಲ್ಲವೇ ಹೊರಗಿನ ರೋಗವನ್ನು ನಮ್ಮ ಕೇರೆ, ಹಸಿರು ಹಾವುಗಳಿಗೆ ಅಂಟಿಸಬಹುದು. ಬದುಕಿ ಬೆಳೆದರೂ ತೊಂದರೆಯೇ. ಫ್ಲಾರಿಡಾದಲ್ಲಿ ಬರ್ಮೀಸ್ ಹೆಬ್ಬಾವು, ಸ್ಪೇನಿನ ಗ್ರಾನ್ ಕೆನೇರಿಯಾ ದ್ವೀಪದಲ್ಲಿ ಕ್ಯಾಲಿಫೋರ್ನಿಯಾ ಕಿಂಗ್ ಸ್ನೇಕ್, ಎರಡೂ ಸಾಕುಹಾವಿನ ವ್ಯಾಪಾರದ ದಾರಿಯಲ್ಲೇ ಬಂದು ಅಲ್ಲಿನ ಮೂಲ ಪ್ರಾಣಿಗಳನ್ನು ಬರಿದು ಮಾಡಿದವು. ಕೊಳ್ಳುವಾಗಲೇ “ಬೇಡವಾದರೆ ವಾಪಸ್ ತೆಗೆದುಕೊಳ್ಳುತ್ತೀರಾ” ಎಂದು ಕೇಳಿ ಬರೆಸಿಕೊಳ್ಳಿ.

ಕೊನೆಗೊಂದು ಚೀಟಿ ಬರೆದು ಪೆಟ್ಟಿಗೆಯ ಪಕ್ಕದ ಗೋಡೆಗೆ ಅಂಟಿಸಿ, ನೀವಿಲ್ಲದಾಗ ಮನೆಯವರಿಗೆ ಬೇಕಾಗುತ್ತದೆ. ಅದರಲ್ಲಿ ಹಾವಿನ ಫೋಟೋ, ಜಾತಿಯ ಹೆಸರು, “ವಿಷವಿಲ್ಲ” ಎಂಬ ಮಾತು, ಪಶುವೈದ್ಯರ ನಂಬರ್ ಇರಲಿ. ಕೆಳಗೆ ಇನ್ನೊಂದು ಸಾಲು: ಹೊರಗಿನ ಹಾವು ಕಚ್ಚಿದರೆ ಕಟ್ಟಬೇಡಿ, ಕೊಯ್ಯಬೇಡಿ, ಕಚ್ಚಿದ ಕೈಕಾಲು ಅಲ್ಲಾಡಿಸದೆ ನೇರ ಮಡಿಕೇರಿ ಜಿಲ್ಲಾ ಆಸ್ಪತ್ರೆಗೆ ಅಥವಾ ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆಗೆ. ನಮ್ಮ ಚೀಟಿಯಲ್ಲಿ ಇದನ್ನು ಅಜ್ಜಿಯೇ ಹೇಳಿ, ದೊಡ್ಡ ಅಕ್ಷರದಲ್ಲಿ ಬರೆಸಿದರು.